ಮಸ್ಕತ್ ಅಕ್ಕನ ಕಾಜ

ಬೆಳ್ಮಣ್ಣಿನ ಗಂಡಸರ ಶರ್ಟಿನ ಬಟನ್ ಒಂದು ಕಾಲದಲ್ಲಿ ಎಲ್ಲರದ್ದೂ ಒಂದೇ ಅಳತೆಯದ್ದಾಗಿತ್ತು. ಸಾಧಾರಣ ಶರ್ಟಿನ ಬಟನಿಗಿಂತ ದೊಡ್ಡದು, ಕೋಟಿನ ಬಟನಿಗಿಂತ ಸಣ್ಣದು. ಕಾರ್ಕಳದ ಫ್ಯಾನ್ಸಿ ಅಂಗಡಿಗೆ ಹೋಗಿ ಆ ಅಳತೆ ಕೇಳಿದರೆ ಅಂಗಡಿಯವರು ಮುಖ ನೋಡಿ, "ನೀವು ಬೆಳ್ಮಣ್ಣಾ?" ಎನ್ನುತ್ತಿದ್ದರು. ಹತ್ತು ವರ್ಷ ಹೀಗೆ ನಡೆಯಿತು. ಯಾಕೆ ಎಂದು ಯಾರೂ ಕೇಳಲಿಲ್ಲ.

ಅದಕ್ಕೆ ಕಾರಣ ನನ್ನ ಪಕ್ಕದ ಮನೆಯ ಹೆಂಗಸು. ಕಳೆದ ತಿಂಗಳು ತೀರಿಕೊಂಡಳು. ಮಹಿಳಾ ಮಂಡಲದವರು ಅವಳ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡುತ್ತಾರಂತೆ. "ನಿಮಗೆ ಅವರ ಗುರ್ತ ಜಾಸ್ತಿ. ನೀವೂ ಎರಡು ಮಾತು ಬರೆದು ಕೊಡಿ ಅಕ್ಕ" ಎಂದು ಮನೆಗೆ ಬಂದರು.

"ಒಳ್ಳೆಯದೇ ಬರೀಬೇಕಾ?" ಎಂದು ಕೇಳಿದೆ.

"ಸತ್ತವರ ಬಗ್ಗೆ ಮತ್ತೆಂತ ಬರೆಯುದು ಮಾರಾಯ್ರೆ!"

ನಾನು ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಎರಡು ಮಾತಿನಲ್ಲಿ ಮುಗಿಸುವಷ್ಟು ವಿದ್ಯೆ ನನಗಿಲ್ಲ. ಆದ್ದರಿಂದ ಉದ್ದಕ್ಕೇ ಬರೆದಿದ್ದೇನೆ. ಬೇಡವಾದರೆ ಹಾಕದಿರಲಿ.

ಹೆಸರು ಬರೆಯುವುದಿಲ್ಲ. ಊರಿನವರಿಗೆ ಹೆಸರು ಬೇಡ, ಹೊರಗಿನವರಿಗೆ ಅದರಿಂದ ಪ್ರಯೋಜನ ಇಲ್ಲ. ಎಲ್ಲರೂ ಅವಳನ್ನು ಮಸ್ಕತ್ ಅಕ್ಕ ಎಂದೇ ಕರೆಯುತ್ತಿದ್ದದ್ದು. ಮಸ್ಕತಿನಲ್ಲಿದ್ದದ್ದು ಅವಳ ಗಂಡ. ಅವಳು ಹೋದ ಅತಿ ದೂರದ ಜಾಗ ಎಂದರೆ ವಿಮಾನ ನಿಲ್ದಾಣದ ಹೊರಗಿನ ಕಬ್ಬಿಣದ ಬೇಲಿ. ಗಂಡ ಬರುವ ದಿವಸ ಅಲ್ಲಿ ನಿಂತು ಕೈ ಬೀಸುತ್ತಿದ್ದಳು. ಆದರೆ ಮಾತು ಕೇಳಿದರೆ ನಿನ್ನೆಯಷ್ಟೇ ಅಲ್ಲಿಂದ ಬಂದವಳ ಹಾಗೆ. ನಾನು ಅಂಗಳದಲ್ಲಿ ಬಟ್ಟೆ ಒಣ ಹಾಕುವಾಗ ಬೇಲಿಯ ಆಚೆಯಿಂದ ಹೇಳುವಳು, "ಮಸ್ಕತಿನಲ್ಲಿ ಬಟ್ಟೆಯನ್ನು ಹೀಗೆ ಎಲ್ಲರಿಗೂ ಕಾಣುವ ಹಾಗೆ ಹಾಕುವ ಕ್ರಮ ಇಲ್ಲ ಅಕ್ಕ."

"ಮತ್ತೆ ಎಲ್ಲಿ ಒಣಗ್ತದೆ? ಹೊಟ್ಟೆಯೊಳಗಾ?"

"ಅಲ್ಲಿ ಬೇರೆಯೇ ಉಂಟು."

ಆ ಬೇರೆ ಎಂತದ್ದು ಎಂದು ಅವಳಿಗೂ ಗೊತ್ತಿರಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದರೆ ಸೆರಗು ಸರಿ ಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ತಾನು ಎಸ್ಸೆಸ್ಸೆಲ್ಸಿ ಪಾಸು ಎಂದು ವಾರಕ್ಕೊಮ್ಮೆಯಾದರೂ ನನಗೆ ನೆನಪು ಮಾಡುವಳು, ನಾನು ಮರೆತು ಬಿಟ್ಟೇನೋ ಎಂದು.

ಅವಳ ತವರು ಮಟ್ಟು, ಗುಳ್ಳ ಬದನೆಗೆ ಹೆಸರಾದ ಊರು. ಗುಳ್ಳದ ಕಾಲದಲ್ಲಿ ಅಲ್ಲಿಂದ ಗೋಣಿಯಲ್ಲಿ ಗುಳ್ಳ ಬರುತ್ತಿತ್ತು. ಒಳ್ಳೆಯದನ್ನು ತಾನು ಇಟ್ಟುಕೊಂಡು, ಬಲಿತು ಹಳದಿಗೆ ತಿರುಗಿದ ನಾಲ್ಕನ್ನು ನನಗೆ ಕೊಡುತ್ತಿದ್ದಳು. ಒಂದು ಸಲ ನಾನೂ ಬಿಡದೆ ಹೇಳಿದೆ, "ಹುಳಿ ಮಾಡಿದೆ ಮಾರಾಯ್ತಿ, ಬಾಯಿಗೆ ಬರೀ ಬೀಜ ಸಿಕ್ಕಿದ್ದು."

"ಗುಳ್ಳ ಸರಿ ಉಂಟು ಅಕ್ಕ. ನೀವು ಬೇಯಿಸಿದ್ದು ಜಾಸ್ತಿಯಾಯ್ತು."

ಅವಳ ಇಡೀ ಗುಣ ಈ ಒಂದು ಮಾತಿನಲ್ಲಿತ್ತು. ಅವಳ ಕೈಯಿಂದ ಹೊರಗೆ ಹೋದ ಯಾವ ವಸ್ತುವಿನಲ್ಲೂ ತಪ್ಪು ಇರಲಿಕ್ಕಿಲ್ಲ. ತಪ್ಪು ಇದ್ದರೆ ಅದನ್ನು ತೆಗೆದುಕೊಂಡವರದ್ದು.

ಇನ್ನು ನನ್ನ ಕೆಲಸದ ವಿಷಯ ಸ್ವಲ್ಪ ಹೇಳದೆ ಆಗುವುದಿಲ್ಲ. ನಾನು ಕಾಜ ಹಾಕುವವಳು. ಕಾಜ ಎಂದರೆ ಬಟನ್ ತೂರಿಸುವ ತೂತು, ಅದರ ಸುತ್ತ ದಾರದ ಕಟ್ಟು. ಪೇಟೆಯ ಟೈಲರ್ ಶರ್ಟು ಹೊಲಿದು ಕಟ್ಟು ಕಟ್ಟಿ ಕಳುಹಿಸುವನು. ನಾನು ಮನೆಯ ಜಗಲಿಯಲ್ಲಿ ಕುಳಿತು ಒಂದೊಂದು ಬಟನನ್ನೂ ಬಟ್ಟೆಯ ಮೇಲಿಟ್ಟು ನೋಡಿ, ಅದರ ಅಗಲಕ್ಕೆ ಅದರ ದಪ್ಪವನ್ನು ಸೇರಿಸಿ, ಚಾಕ್ ಪೀಸಿನಲ್ಲಿ ಗೆರೆ ಎಳೆದು, ಸಣ್ಣ ಕತ್ತರಿಯಲ್ಲಿ ಕತ್ತರಿಸಿ, ಆಮೇಲೆ ಮೇಣ ಉಜ್ಜಿದ ದಾರದಲ್ಲಿ ಗಂಟು ಗಂಟಾಗಿ ಸುತ್ತು ಹಾಕುತ್ತಿದ್ದೆ. ಕೈ ಕಾಜದಲ್ಲಿ ಮೊದಲು ಕತ್ತರಿ, ಆಮೇಲೆ ಹೊಲಿಗೆ. ಕತ್ತರಿ ಒಂದು ನೂಲು ಆಚೆ ಹೋದರೆ ಶರ್ಟೇ ಹಾಳು. ಇಪ್ಪತ್ತೆರಡು ವರ್ಷ ಹಾಕಿದೆ. ಒಂದು ಶರ್ಟೂ ಹಾಳಾಗಲಿಲ್ಲ. ಬೀಡಿ ಕಟ್ಟುವ ಹೆಂಗಸರು ಊರು ತುಂಬ ಇದ್ದರು, ಕಾಜದವಳು ನಾನೊಬ್ಬಳೇ. "ಕಾಜದ ಅಕ್ಕನ ಮನೆ ಎಲ್ಲಿ?" ಎಂದು ಕೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಿದ್ದರು.

ಆ ವರ್ಷ ಅವಳ ಗಂಡ ರಜೆಯಲ್ಲಿ ಬರುವಾಗ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ತಂದ. ಒಳಗೆ ಹೊಲಿಗೆ ಮೆಷಿನ್. ಕಾಲಲ್ಲಿ ತುಳಿಯುವ ಕಪ್ಪು ಮೆಷಿನ್ ಅಲ್ಲ, ಬಿಳಿ ಬಣ್ಣದ್ದು, ಕರೆಂಟಿನದ್ದು, ಮೇಜಿನ ಮೇಲೆ ಇಟ್ಟು ಹೊಲಿಯುವಂಥದ್ದು. ಕಾಜವನ್ನು ತಾನೇ ಹಾಕುತ್ತದೆ ಎಂದು ಸುದ್ದಿಯಾಯಿತು. ಹೆಂಗಸರೆಲ್ಲ ಬಾಣಂತಿ ನೋಡಲು ಹೋದ ಹಾಗೆ ಹೋದೆವು. ಚಪ್ಪಲಿ ಹೊರಗೆ ಬಿಡಿಸಿದಳು. ಅದು ಸರಿ. ಆಮೇಲೆ ಕೈಕಾಲನ್ನೂ ತೊಳೆಯಿಸಿದಳು. ಪುಡಿ ಕಲಸಿದ ಕಿತ್ತಳೆ ಶರಬತ್ತು ಕೊಟ್ಟು, ಬಟ್ಟೆಯ ತುಂಡಿಗೆ ಒಂದು ಕಾಜ ಹಾಕಿ ತೋರಿಸಿದಳು. ಸೂಜಿಯ ಕೆಳಗೆ ಬಟ್ಟೆಯನ್ನು ಒತ್ತಿ ಹಿಡಿಯಲು ಪ್ಲಾಸ್ಟಿಕ್ಕಿನ ಒಂದು ಉದ್ದ ಪಾದ. ಕಾಲಡಿಯ ಕರೆಂಟಿನ ಪೆಡಲ್ ಮೆಟ್ಟಿದರೆ ಮೆಷಿನ್ ಒಂದು ಬದಿ ಹೊಲಿದು, ತುದಿಯಲ್ಲಿ ಗಟ್ಟಿ ಮಾಡಿ, ಇನ್ನೊಂದು ಬದಿಯಲ್ಲಿ ಹಿಂದೆ ಬಂದು ನಿಲ್ಲುತ್ತದೆ. ಆಮೇಲೆ ನಡುವೆ ಸೀಳುವುದು. ನನ್ನದಕ್ಕೆ ಉಲ್ಟಾ. ಮೊದಲು ಹೊಲಿಗೆ, ಕತ್ತರಿ ಕೊನೆಗೆ.

ಆ ಪಾದದ ಹಿಂದಿನ ತುದಿಯಲ್ಲಿ ಒಂದು ಕಂದು ಬಣ್ಣದ ಬಟನ್ ಸಿಕ್ಕಿಸಿತ್ತು.

"ಇದು ಎಂತಕ್ಕೆ ಬಟನ್?" ಎಂದು ನಾನು ಬೆರಳು ಮಾಡಿದೆ.

"ಅದು ಮೆಷಿನಿನದ್ದೇ ಅಕ್ಕ. ಮುಟ್ಬೇಡಿ. ಕಂಪೆನಿಯವರು ಇಟ್ಟದ್ದು."

ಸರಿ ಎಂದು ಶರಬತ್ತು ಕುಡಿದು ಮುಗಿಸಿದೆ.

ಹದಿನೈದು ದಿವಸದಲ್ಲಿ ಟೈಲರನ ಕಟ್ಟು ನನ್ನ ಮನೆಗೆ ಬರುವುದು ನಿಂತಿತು. ಪೇಟೆಗೆ ಹೋಗಿ ಕೇಳಿದೆ. ಅವನು ಇಸ್ತ್ರಿಯಿಂದ ತಲೆ ಎತ್ತದೆ, "ಕೋಪ ಮಾಡ್ಬೇಡಿ ಅಕ್ಕ. ಬೆಳಿಗ್ಗೆ ಕೊಟ್ರೆ ಮಧ್ಯಾಹ್ನಕ್ಕೆ ಆಗ್ತದೆ ಅವರತ್ರ. ಈಗ ಎಲ್ಲರಿಗೂ ಮೆಷಿನ್ ಕಾಜವೇ ಬೇಕು" ಎಂದ. ಕೋಪ ಮಾಡಲಿಲ್ಲ. ಮನೆಗೆ ಬಂದು ಗೆರಸೆ ಮಡಿಲಲ್ಲಿಟ್ಟು, ಇಪ್ಪತ್ತೆರಡು ವರ್ಷದ ನಂತರ ಪುನಃ ಬೀಡಿ ಕಟ್ಟಲು ಕುಳಿತೆ. ಹೊಗೆಸೊಪ್ಪಿನ ಘಾಟಿಗೆ ಮೂಗು ಹೊಂದಲು ಒಂದು ತಿಂಗಳು ಹಿಡಿಯಿತು. ಅವಳು ಒಮ್ಮೆ ಬೇಲಿಯ ಹತ್ತಿರ ಬಂದು, "ಬೇಜಾರು ಮಾಡ್ಬೇಡಿ ಅಕ್ಕ, ಕೈಯ ಕಾಜಕ್ಕೆ ಇನ್ನು ಬೆಲೆ ಇಲ್ಲ. ಅದು ಹಳ್ಳಿಯವರದ್ದು ಅಂತ ಗೊತ್ತಾಗ್ತದೆ" ಎಂದು ಸಮಾಧಾನ ಹೇಳಿ ಹೋದಳು. ಅವಳೂ ಇದ್ದದ್ದು ಅದೇ ಹಳ್ಳಿಯಲ್ಲಿ, ನನ್ನ ಮನೆಯಿಂದ ಇಪ್ಪತ್ತು ಹೆಜ್ಜೆ ಆಚೆ.

ತಮಾಷೆ ಶುರುವಾದದ್ದು ಆಮೇಲೆ. ಶರ್ಟುಗಳು ಬಿಚ್ಚಿಕೊಳ್ಳತೊಡಗಿದವು. ಕಾರ್ಕಳ ಬಸ್ಸಿನ ಕಂಡಕ್ಟರ್ ಮೇಲಿನ ಸರಳು ಹಿಡಿಯಲು ಕೈ ಎತ್ತಿದರೆ ಹೊಟ್ಟೆಯ ಹತ್ತಿರ ಎರಡು ಬಟನ್ ತಾವಾಗಿಯೇ ಹೊರಗೆ ಬರುತ್ತಿದ್ದವು. ಅವನು ಟಿಕೆಟು ಕೊಡುವುದು, ಬಟನ್ ಹಾಕುವುದು, ಟಿಕೆಟು ಕೊಡುವುದು, ಬಟನ್ ಹಾಕುವುದು. ಶಾಲೆಯ ಹೆಡ್ ಮಾಸ್ಟ್ರು ಧ್ವಜಕ್ಕೆ ಸೆಲ್ಯೂಟ್ ಹೊಡೆದರು, ಬನಿಯನ್ ಕಾಣಿಸಿತು, ಮಕ್ಕಳು ರಾಷ್ಟ್ರಗೀತೆಯ ನಡುವೆ ನಕ್ಕವು. ಕಾಜ ದೊಡ್ಡದು, ಬಟನ್ ಸಣ್ಣದು; ಇದು ಕುರುಡನಿಗೂ ತಿಳಿಯುವ ವಿಷಯ. ಹೋಗಿ ಹೇಳಿದವರಿಗೆಲ್ಲ ಅವಳ ಉತ್ತರ ಒಂದೇ.

"ಕಾಜ ಸರಿ ಉಂಟು. ನಿಮ್ಮ ಬಟನ್ ಸಣ್ಣದು."

ಜನ ಎಂತ ಮಾಡಿದರು? ದೊಡ್ಡ ಬಟನ್ ತಂದರು! ಟೈಲರ್, "ಈಗ ದೊಡ್ಡ ಬಟನೇ ಫ್ಯಾಶನ್" ಎಂದು ಹೇಳತೊಡಗಿದ. ಗಲ್ಫಿನಿಂದ ಬಂದ ಮೆಷಿನು ತಪ್ಪು ಮಾಡುತ್ತದೆ ಎಂದು ಯೋಚಿಸಲು ಯಾರಿಗೂ ಧೈರ್ಯ ಇರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳಿಗೆ ತಪ್ಪುತ್ತದೆ ಎಂದೂ ಇಲ್ಲ. ಹೀಗೆ ಇಡೀ ಊರು ಅವಳ ಒಂದು ಕಾಜಕ್ಕೆ ಹೊಂದಿಕೊಂಡಿತು.

ನನಗೆ ಗೊತ್ತಾದದ್ದು ಮೆಷಿನು ಬಂದ ವರ್ಷವೇ. ನವರಾತ್ರಿಯ ಆಯುಧ ಪೂಜೆಗೆ ಅವಳು ಮೆಷಿನಿಗೆ ಹೂ ಹಾಕಿ, ಗಂಧ ಕುಂಕುಮ ಹಚ್ಚಿ, ಎದುರಿಗೆ ಅದರ ಪುಸ್ತಕವನ್ನೂ ಇಟ್ಟಿದ್ದಳು. ಪ್ಲಾಸ್ಟಿಕ್ ಕವರಿನಿಂದ ಒಂದು ಸಲವೂ ಹೊರಗೆ ತೆಗೆಯದ ಪುಸ್ತಕ. ವರ್ಷವಿಡೀ ಕಪಾಟಿನಲ್ಲಿ ಚಿನ್ನದ ಜೊತೆ ಇರುತ್ತಿತ್ತು. ಪ್ರಸಾದಕ್ಕೆಂದು ಹೋದವಳು, ಅವಳು ಒಳಗೆ ಅವಲಕ್ಕಿ ಕಲಸುವಷ್ಟರಲ್ಲಿ ಆ ಪುಸ್ತಕ ಬಿಡಿಸಿ ನೋಡಿದೆ. ಇಂಗ್ಲಿಷ್ ನನಗೆ ಬಾರದು. ಚಿತ್ರ ನೋಡಲು ಇಂಗ್ಲಿಷ್ ಬೇಡ. ಒಂದು ಪುಟದಲ್ಲಿ ಆ ಉದ್ದದ ಪಾದ, ಅದರ ಹಿಂದೆ ಒಂದು ಖಾಲಿ ಜಾಗ, ಹೊರಗಿನಿಂದ ಒಂದು ಬಟನ್ ಅದರೊಳಗೆ ಹೋಗುವ ಹಾಗೆ ಬಾಣದ ಗುರುತು. ಪಕ್ಕದಲ್ಲಿ ಸಣ್ಣ ಬಟನಿಗೆ ಸಣ್ಣ ಕಾಜ, ದೊಡ್ಡ ಬಟನಿಗೆ ದೊಡ್ಡ ಕಾಜ. ನಾವು ಹಾಕಬೇಕೆಂದಿರುವ ಬಟನನ್ನು ಅಲ್ಲಿ ಇಡಬೇಕು, ಅದನ್ನು ನೋಡಿ ಮೆಷಿನು ಕಾಜದ ಉದ್ದ ತಿಳಿದುಕೊಳ್ಳುತ್ತದೆ. ನಾನು ಬಟ್ಟೆಯ ಮೇಲೆ ಬಟನ್ ಇಟ್ಟು ನೋಡುತ್ತಿದ್ದೆನಲ್ಲ, ಅದೇ ಕೆಲಸ. ಮಸ್ಕತಿನ ಅಂಗಡಿಯವನು ಅವಳ ಗಂಡನಿಗೆ ತೋರಿಸಲು ಒಂದು ಬಟನ್ ಸಿಕ್ಕಿಸಿ, ತೆಗೆಯಲು ಮರೆತಿರಬೇಕು. ಇವಳು ಅದನ್ನು ಮೆಷಿನಿನ ಅಂಗ ಎಂದು ತಿಳಿದು ಅದಕ್ಕೂ ಕುಂಕುಮ ಹಚ್ಚಿದ್ದಳು.

ಪುಸ್ತಕ ಮೊದಲಿನ ಹಾಗೆ ಇಟ್ಟೆ. ಅವಲಕ್ಕಿ ತಿಂದೆ. ಮನೆಗೆ ಬಂದೆ.

ಹೇಳಬಹುದಿತ್ತು. ಹೇಳಲಿಲ್ಲ. ಅವಳು ಕೇಳಿದ್ದರೆ ಹೇಳುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಬೀಡಿ ಕಟ್ಟುತ್ತಾ ಜಗಲಿಯಲ್ಲಿ ಕುಳಿತಿರುವಾಗ ಎದುರಿನ ದಾರಿಯಲ್ಲಿ ಯಾರಾದರೂ ಹೊಟ್ಟೆಯ ಮೇಲೆ ಕೈಯಿಟ್ಟು ಶರ್ಟು ಹಿಡಿದುಕೊಂಡು ಹೋದರೆ ನನಗೆ ಆ ದಿವಸದ ಊಟ ರುಚಿಸುತ್ತಿತ್ತು.

ಹೀಗೆ ಹತ್ತು ವರ್ಷ.

ನನ್ನ ಮಗಳ ಮಗಳು ನನ್ನ ಹತ್ತಿರವೇ ಬೆಳೆದವಳು. ಮಗಳು ಅಳಿಯ ಕಾಪುವಿನಲ್ಲಿದ್ದರು, ಅಲ್ಲಿ ಎರಡು ಕೋಣೆಯಲ್ಲಿ ಆರು ಜನ. ಹುಡುಗಿ ಪಿಯುಸಿ ಮುಗಿಸಿ ಉಡುಪಿ ಕಡೆಯ ಒಂದು ಕಾಲೇಜಿಗೆ ನರ್ಸಿಂಗಿಗೆ ಸೇರಿದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ನಮ್ಮ ಕುಟುಂಬದಲ್ಲಿ ಹನ್ನೆರಡನೇ ಕ್ಲಾಸು ದಾಟಿದವಳು ಅವಳೊಬ್ಬಳೇ. ಹೆದರುಪುಕ್ಕಿ. ಬಸ್ಸಿನಲ್ಲಿ ಸ್ಟಾಪ್ ಬಂದರೆ "ಇಳಿಲಿಕ್ಕುಂಟು" ಎಂದು ಕೂಗಲು ನಾಚಿ ಮುಂದಿನ ಸ್ಟಾಪಿನಿಂದ ನಡೆದು ಬರುವ ಜಾತಿ. ಅಂಥವಳು ನರ್ಸ್ ಆಗುತ್ತೇನೆ ಎಂದು ಹಟ ಹಿಡಿದಿದ್ದಳು. ನನಗೆ ಒಳಗೊಳಗೇ ಹೆಮ್ಮೆ, ಮೇಲೆ ತೋರಿಸಿರಲಿಲ್ಲ.

ಯೂನಿಫಾರ್ಮ್ ಬಿಳಿ ಅಂಗಿ, ಮುಂದೆ ಆರು ಬಟನ್. ಬಟನ್ ಕಾಲೇಜಿನವರೇ ಕೊಟ್ಟದ್ದು, ಮೇಲೆ ಅವರ ಗುರುತು ಇತ್ತು; ಬೇರೆ ಹಾಕುವ ಹಾಗಿಲ್ಲ. ಟೈಲರ್ ಅಂಗಿ ಹೊಲಿದು ಕೊಟ್ಟ. ಕಾಜ ಬಾಕಿ. ನಾನು ಕತ್ತರಿ, ಮೇಣ, ದಾರ ತೆಗೆದು ಜಗಲಿಯಲ್ಲಿ ಕುಳಿತೆ. ಹತ್ತು ವರ್ಷದ ನಂತರ ಸೂಜಿಗೆ ದಾರ ಹಾಕುತ್ತಿದ್ದೆ. ಹುಡುಗಿ ಬಂದು ಬಾಗಿಲಿನಲ್ಲಿ ನಿಂತಳು.

"ಅಜ್ಜಿ, ಬೇಸರ ಮಾಡ್ಬೇಡಿ ಆಯ್ತಾ. ಮಸ್ಕತ್ ಅಜ್ಜಿ ಹತ್ರ ಕೊಡುವನಾ?"

"ಎಂತಕ್ಕೆ?"

"ಎಲ್ಲರದ್ದೂ ಮೆಷಿನಿನದ್ದು ಇರ್ತದೆ. ನಂದು ಮಾತ್ರ ಕೈಯದ್ದು ಅಂತ ಕಂಡ್ರೆ..."

ಹಳ್ಳಿಯದ್ದು ಎಂದು ಗೊತ್ತಾಗುತ್ತದೆ, ಅಷ್ಟೇ. ಅವಳ ಕೈಯಲ್ಲಿದ್ದ ಬಟನನ್ನು ತೆಗೆದುಕೊಂಡು ನನ್ನ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ನೋಡಿದೆ. ಉಗುರಿಗಿಂತ ಸಣ್ಣದಿತ್ತು. ಆ ಕಂದು ಬಟನ್ ಎಷ್ಟು ದೊಡ್ಡದೆಂದು ನನ್ನ ಕಣ್ಣಿಗೆ ಕಟ್ಟಿದ ಹಾಗಿತ್ತು.

"ಆಯ್ತು, ಹೋಗು" ಎಂದೆ. ಸೂಜಿಯ ದಾರ ತೆಗೆದು ಸುತ್ತಿಟ್ಟೆ.

ಮಸ್ಕತ್ ಅಕ್ಕ ಮಧ್ಯಾಹ್ನಕ್ಕೆ ಮುಗಿಸಿ ತಾನೇ ತಂದುಕೊಟ್ಟಳು. ತೆಳ್ಳಗಿನ ಬಟ್ಟೆಯೆಂದು ಅಡಿಗೆ ಕಾಗದ ಇಟ್ಟು ಹೊಲಿದಿದ್ದಳು, ಒಂದು ಸುಕ್ಕೂ ಇರಲಿಲ್ಲ, ಅದನ್ನು ಇಲ್ಲ ಎನ್ನುವುದಿಲ್ಲ. "ಬಟನ್ ಸ್ವಲ್ಪ ಸಣ್ಣದಾಯ್ತು ಮಗಾ" ಎಂದು ಹುಡುಗಿಯ ಹತ್ತಿರ ಹೇಳಿದ್ದೂ ಹೌದು. ಹುಡುಗಿ ಹಾಕಿ ಕನ್ನಡಿಯ ಮುಂದೆ ನಿಂತಳು. ಬಟನ್ ನಿಂತಿತು. ಅವಳೂ ಕೋಲಿನ ಹಾಗೆ ನಿಂತಿದ್ದಳಲ್ಲ. ಬಗ್ಗಿ ನೋಡು ಎಂದು ನಾನು ಹೇಳಲಿಲ್ಲ. ನರ್ಸಿನ ಕೆಲಸ ಎಂದರೆ ದಿನವಿಡೀ ಬಗ್ಗುವ ಕೆಲಸ.

ಮೊದಲ ದಿವಸ ವಾರ್ಡಿಗೆ ಹೋದವಳು ಮಧ್ಯಾಹ್ನವೇ ಮನೆಗೆ ಬಂದಳು. ದುಪಟ್ಟಾ ಎದೆಗೆ ಸುತ್ತಿಕೊಂಡಿದ್ದಳು. ಗಂಡಸರ ವಾರ್ಡಿನಲ್ಲಿ ಒಬ್ಬ ಮುದುಕನ ನಾಡಿ ನೋಡಲು ಬಗ್ಗಿದಾಗ ಮೇಲಿನ ಮೂರು ಬಟನ್ ಒಟ್ಟಿಗೇ ಬಿಚ್ಚಿಕೊಂಡವಂತೆ. ಎರಡು ಕೈಯಲ್ಲೂ ಏನೇನೋ ಹಿಡಿದಿದ್ದಳಂತೆ, ತಕ್ಷಣ ಮುಚ್ಚಿಕೊಳ್ಳಲಿಕ್ಕೂ ಆಗಲಿಲ್ಲ. ಪಕ್ಕದ ಮಂಚದವನ ಜೊತೆಗೆ ಬಂದವರು ನಕ್ಕರಂತೆ. ವಾರ್ಡಿನ ಸಿಸ್ಟರ್ ಇವಳನ್ನು ಹೊರಗೆ ಕಳುಹಿಸಿ, ನಾಳೆ ಸರಿಯಾದ ಅಂಗಿ ಹಾಕಿಕೊಂಡು ಬಂದರೆ ಮಾತ್ರ ವಾರ್ಡಿಗೆ ಸೇರಿಸುತ್ತೇನೆ ಎಂದರಂತೆ.

"ನಾನು ಇನ್ನು ಹೋಗುದಿಲ್ಲ ಅಜ್ಜಿ" ಎಂದಳು.

"ನಾಳೆ ಒಂದು ದಿವಸಾ?"

"ಇನ್ನು ಹೋಗುದೇ ಇಲ್ಲ. ಅಪ್ಪನಿಗೆ ಹೇಳಿ. ನಾನು ಮನೆಯಲ್ಲಿ ಇರ್ತೇನೆ, ನಿಮ್ಮೊಟ್ಟಿಗೆ ಬೀಡಿ ಕಟ್ತೇನೆ."

ಗೋಡೆಗೆ ಮುಖ ಮಾಡಿ ಮಲಗಿದಳು. ಅಂಗಿಯನ್ನು ತೆಗೆದು ಮೂಲೆಗೆ ಬಿಸಾಡಿದ್ದಳು. ಅದನ್ನು ಎತ್ತಿಕೊಂಡು ನಾನು ಸೀದಾ ಪಕ್ಕದ ಮನೆಗೆ ಹೋದೆ. ದಾರಿ ಇಪ್ಪತ್ತೇ ಹೆಜ್ಜೆ. ಅಷ್ಟರಲ್ಲಿ ನನ್ನ ಎದೆ ಹೊಡೆದುಕೊಳ್ಳುತ್ತಿದ್ದದ್ದು ಹುಡುಗಿಯ ಸಂಕಟಕ್ಕೆ ಎಂದು ನಾನು ತಿಳಿದೆ. ಸುಳ್ಳು. ಹತ್ತು ವರ್ಷ ಕಾದ ದಿವಸ ಬಂತಲ್ಲ ಎಂದು.

ಅವಳು ಮೆಷಿನಿನ ಮುಂದೆ ಕುಳಿತಿದ್ದಳು. ಅಂಗಿಯನ್ನು ಮೇಜಿನ ಮೇಲೆ ಹಾಕಿದೆ. ಆದದ್ದನ್ನು ಹೇಳಿದೆ.

"ಅಯ್ಯೋ ದೇವರೇ. ಪಾಪದ ಹುಡುಗಿ" ಎಂದಳು. ಕಾಜವನ್ನು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಅದೇ ಮಾತು: "ಕಾಜ ಸರಿ ಉಂಟು ಅಕ್ಕ. ಬಟನ್ ಸಣ್ಣದು."

"ಏಳು ಅಲ್ಲಿಂದ."

"ಎಂತ?"

"ಏಳು ಅಂದೆ."

ಕೂದಲಿನಿಂದ ಪಿನ್ನು ತೆಗೆದು ಪಾದದ ಹಿಂದಿನ ಬಟನಿನ ಕೆಳಗೆ ತೂರಿಸಿದೆ.

"ಅಕ್ಕಾ, ಮುಟ್ಬೇಡಿ! ಅದು ಮೆಷಿನಿನದ್ದು! ಹಾಳಾದ್ರೆ ಇಲ್ಲಿ ಸಿಕ್ಕುದಿಲ್ಲ!"

ಹತ್ತು ವರ್ಷದ ಗಂಧ ಕುಂಕುಮ ಒಣಗಿ ಅಂಟಿನ ಹಾಗೆ ಹಿಡಿದಿತ್ತು. ಎರಡು ಸಲ ಮೀಟಿದ ಮೇಲೆ ಬಟನ್ ಹಾರಿ ನೆಲಕ್ಕೆ ಬಿತ್ತು. ಅವಳು ಬಾಯಿಗೆ ಕೈ ಇಟ್ಟುಕೊಂಡಳು. ನಾನು ಹುಡುಗಿಯ ಅಂಗಿಯ ಬಟನ್ ಒಂದನ್ನು ಕಿತ್ತು ಆ ಜಾಗದಲ್ಲಿ ಕೂರಿಸಿ, ಪಾದವನ್ನು ಒತ್ತಿ, ಕೆಳಗೆ ಬಟ್ಟೆಯ ತುಂಡು ಇಟ್ಟೆ.

"ಮೆಟ್ಟು" ಎಂದೆ.

ಮೆಟ್ಟಿದಳು. ಮೆಷಿನು ಸ್ವಲ್ಪವೇ ಮುಂದೆ ಹೋಯಿತು, ಬೇಗನೆ ತಿರುಗಿತು, ಹಿಂದೆ ಬಂದು ನಿಂತಿತು. ಸಣ್ಣ ಕಾಜ. ತುದಿಗೆ ಗುಂಡುಸೂಜಿ ಅಡ್ಡ ಇಟ್ಟು ನಡುವೆ ಸೀಳಿ ಬಟನ್ ತೂರಿಸಿ ತೋರಿಸಿದೆ. ಎಳೆದೆ. ಬಗ್ಗಿಸಿದೆ. ಬರಲಿಲ್ಲ.

"ನೀನು ಕುಂಕುಮ ಹಚ್ಚಿದ್ದು ಅಂಗಡಿಯವನು ಮರೆತು ಬಿಟ್ಟ ಬಟನಿಗೆ ಮಾರಾಯ್ತಿ. ನಿನ್ನ ಪುಸ್ತಕದಲ್ಲಿ ಚಿತ್ರ ಉಂಟು. ಎಸ್ಸೆಸ್ಸೆಲ್ಸಿಯವರು ಚಿತ್ರ ನೋಡುದಿಲ್ವಾ?"

ಅವಳ ಮುಖ ನೋಡಿ ನನಗೆ ಎಷ್ಟು ಖುಷಿಯಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ಕೆನ್ನೆಯೆಲ್ಲ ಜೋತುಬಿದ್ದಿತ್ತು. ಅವಳು ಕೆಳಗೆ ಕುಳಿತು ಕುರ್ಚಿಯ ಅಡಿಯಲ್ಲಿ ಹುಡುಕಿ ಆ ಕಂದು ಬಟನನ್ನು ಎತ್ತಿಕೊಂಡಳು. ಸೆರಗಿನಿಂದ ಒರಸಿದಳು. ಆಮೇಲೆ ಕೂತಲ್ಲಿಂದಲೇ ತಲೆ ಎತ್ತಿದಳು.

"ನಿಮಗೆ ಯಾವಾಗ ಗೊತ್ತಾದ್ದು ಅಕ್ಕ?"

"ಮೆಷಿನು ಬಂದ ವರ್ಷವೇ" ಎಂದೆ, ಎದೆ ಉಬ್ಬಿಸಿ.

"ಹಾಗಾದ್ರೆ ಹುಡುಗಿ ಅಂಗಿ ಹಿಡ್ಕೊಂಡು ಇಲ್ಲಿಗೆ ಬರುವಾಗ ನಿಮಗೆ ಗೊತ್ತಿತ್ತು."

ಕೇಳಿದ್ದಲ್ಲ, ಹೇಳಿದ್ದು. ಧ್ವನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ಕಾಜ ಸರಿ ಉಂಟು ಎಂದು ಹೇಳುವ ಅದೇ ಧ್ವನಿ. ಮೂರ್ಖಳ ಬಾಯಿಯಿಂದ ಇಡೀ ಜೀವಮಾನದಲ್ಲಿ ಒಂದೇ ಒಂದು ಸರಿಯಾದ ಮಾತು ಬಂತು, ಅದೂ ನನಗೇ ಬಂತು.

ನಾನು ಅಂಗಿ ತೆಗೆದುಕೊಂಡು ಮನೆಗೆ ಬಂದೆ.

ದೊಡ್ಡ ಕಾಜವನ್ನು ಮೆಷಿನು ಸಣ್ಣ ಮಾಡಲಾರದು. ಕೈಯೇ ಆಗಬೇಕು. ಹಳೆಯ ದಾರ ಬಿಚ್ಚಿ, ಒಂದು ತುದಿಯನ್ನು ಒಳಗಿನಿಂದ ಮುಚ್ಚಿ ಹೊಲಿದು, ಉಳಿದದ್ದಕ್ಕೆ ಹೊಸದಾಗಿ ಸುತ್ತು ಹಾಕಿದೆ. ದೀಪ ಹಚ್ಚುವ ಹೊತ್ತಿಗೆ ಆರೂ ಮುಗಿಯಿತು. ಹತ್ತು ವರ್ಷ ಅಭ್ಯಾಸ ತಪ್ಪಿದ್ದರಿಂದ ಒಂದು ಸ್ವಲ್ಪ ಸೊಟ್ಟವಾಯಿತು. ಅಂಗಿ ಹಾಕಿಸಿ, ಹುಡುಗಿಯನ್ನು ನಡುಮನೆಯಲ್ಲಿ ನಿಲ್ಲಿಸಿ, "ಬಗ್ಗು" ಎಂದೆ. ಬಗ್ಗಿದಳು. "ಇನ್ನೂ ಬಗ್ಗು. ಕೈ ಚಾಚು. ನನ್ನನ್ನು ಎತ್ತು." ನನ್ನ ತೋಳಿನ ಅಡಿಗೆ ಕೈ ಹಾಕಿ ಎತ್ತಲು ನೋಡಿದಳು. ಬಟನ್ ಕದಲಲಿಲ್ಲ. ಹುಡುಗಿಗೆ ಅಳುವಿನ ನಡುವೆ ನಗು ಬಂತು.

ಮರುದಿವಸ ಹೋದಳು. ನಾನು ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋಗಿ ಹತ್ತಿಸಿ ಬಂದೆ. ಕೈಯ ಕಾಜ ಎಂದು ಯಾರೂ ಗುರುತಿಸಲಿಲ್ಲವಂತೆ. ಇನ್ನೊಬ್ಬರ ಕಾಜವನ್ನು ಯಾರು ನೋಡುತ್ತಾರೆ?

ಇನ್ನು ಮಸ್ಕತ್ ಅಕ್ಕ ಎಂತ ಮಾಡಿದಳು ಕೇಳಿ. ಅವಮಾನದಿಂದ ಮೆಷಿನು ಮುಚ್ಚಿಟ್ಟಾಳು ಎಂದು ನಾನು ತಿಳಿದಿದ್ದೆ. ಒಂದೇ ವಾರದಲ್ಲಿ ಊರಿಡೀ ಸುದ್ದಿ: "ಮಸ್ಕತಿನಿಂದ ಮೆಷಿನಿಗೆ ಹೊಸ ಸೆಟ್ಟಿಂಗ್ ಬಂದಿದೆ. ಇನ್ನು ಯಾವ ಅಳತೆಯ ಕಾಜವೂ ಆಗ್ತದೆ." ಟೈಲರ್ ನನ್ನ ಎದುರಿಗೇ ಅದನ್ನು ಹೊಗಳಿದ. ಜನ ಪುನಃ ಸಣ್ಣ ಬಟನಿಗೆ ಬಂದರು. ಅವಳು ನನ್ನ ಜಗಲಿಯ ಮುಂದೆಯೇ ಹಾದು ಹೋಗುತ್ತಾ ಯಾರಿಗೋ ಆ ಸೆಟ್ಟಿಂಗಿನ ವಿಷಯ ವಿವರಿಸುತ್ತಿದ್ದಳು. ನನ್ನನ್ನು ನೋಡಿಯೂ ಧ್ವನಿ ತಗ್ಗಿಸಲಿಲ್ಲ. ನನಗೆ ಬಾಯಿ ತೆರೆಯಲಿಕ್ಕಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವಳೂ ಬಾಯಿ ತೆರೆಯಲಿಲ್ಲ. ಹುಡುಗಿ ಎಷ್ಟೋ ಸಲ ಅವಳ ಮನೆಗೆ ಹೋಗಿ ಬರುತ್ತಿದ್ದಳು, ಬಿಪಿ ನೋಡಿ ಬರುತ್ತಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಇದು ಅವಳ ದೊಡ್ಡ ಗುಣ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನನ್ನದನ್ನು ಹೇಳಬೇಕಾದರೆ ಅವಳು ಆ ಬಟನಿನ ಕಥೆಯನ್ನೂ ಹೇಳಬೇಕಾಗುತ್ತಿತ್ತು. ಸೆಟ್ಟಿಂಗ್ ಎಲ್ಲಿಂದ ಬಂತು ಎಂದು ಊರಿಗೆ ತಿಳಿಯುತ್ತಿತ್ತು. ಹೀಗೆ ಇಬ್ಬರೂ ಎಂಟು ವರ್ಷ ಬೇಲಿಯ ಆಚೆ ಈಚೆ ಇದ್ದೆವು. ಗುಳ್ಳ ಕೊಡುವುದನ್ನು ಅವಳು ಬಿಡಲಿಲ್ಲ. ಬಲಿತದ್ದೇ ಕೊಟ್ಟಳು. ನಾನೂ ಹುಳಿ ಮಾಡಿ ತಿಂದೆ.

ಮೊನ್ನೆ ಅವಳ ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ, ಮೊಮ್ಮಗಳು ಮಣಿಪಾಲದಿಂದ ರಜೆ ಹಾಕಿ ಬಂದಿದ್ದಳು. ಈಗ ಅಲ್ಲಿ ನರ್ಸ್. ಹೆದರಿಕೆಯೆಲ್ಲ ಹೋಗಿ ಈಗ ನನ್ನನ್ನೇ ಗದರಿಸುತ್ತಾಳೆ, ಉಪ್ಪು ಕಡಿಮೆ ತಿನ್ನಿ ಎನ್ನುತ್ತಾಳೆ. ಊಟ ಮುಗಿಸಿ ನಾವಿಬ್ಬರೂ ಮಸ್ಕತ್ ಅಕ್ಕನ ಮನೆಯ ಒಳಗೆ ಹೋದೆವು. ಮೆಷಿನು ಟವೆಲು ಹೊದ್ದು ಮೂಲೆಯಲ್ಲಿತ್ತು. ಪಕ್ಕದಲ್ಲಿ ದೇವರ ಫೋಟೋದ ಎದುರು ಒಂದು ಸಣ್ಣ ಬಟ್ಟಲು, ಅದರಲ್ಲಿ ಆ ಕಂದು ಬಟನ್. ಈಗಲೂ ಕುಂಕುಮ!

ಹುಡುಗಿ ಅದನ್ನು ಎತ್ತಿ ನೋಡಿದಳು. ಮೆಷಿನಿನ ಪಾದದಲ್ಲಿ ಒಂದು ಬಟನ್ ಸಿಕ್ಕಿಕೊಂಡಿತ್ತು ಎನ್ನುವಷ್ಟನ್ನು ಅವಳಿಗೆ ಅಂದೇ ಹೇಳಿದ್ದೆ. ಕಣ್ಣಲ್ಲಿ ನೀರು ತಂದುಕೊಂಡು, "ಗಂಡ ತಂದದ್ದಲ್ವಾ ಅಜ್ಜಿ, ಅದಕ್ಕೇ ತೆಗೀಲಿಕ್ಕೆ ಮನಸ್ಸು ಬರ್ಲಿಲ್ಲ ಕಾಣ್ತದೆ ಅವರಿಗೆ" ಎಂದಳು.

"ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಅದು ತೆಗೆಯುವಂಥದ್ದು ಎಂದೇ ತಿಳಿದಿರಲಿಲ್ಲ" ಎಂದೆ.

"ಅಂದ್ರೆ ನನ್ನ ಅಂಗಿಗೆ ಕಾಜ ಹಾಕುವಾಗಲೂ ಪಾಪ ಅವರಿಗೆ ಏನೂ ಗೊತ್ತಿರ್ಲಿಲ್ಲ ಅಲ್ವಾ ಅಜ್ಜಿ?"

"ಇಲ್ಲ" ಎಂದೆ. "ಅವಳಿಗೆ ಗೊತ್ತಿರಲಿಲ್ಲ."

ಹುಡುಗಿ ಬಟನನ್ನು ಬಟ್ಟಲಿಗೆ ಹಾಕಿ ಕೈ ಮುಗಿದಳು. ನಾನು ಮುಗಿಯಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎಂದು ಹೊರಡಿಸಿದೆ.

ಮಹಿಳಾ ಮಂಡಲದ ಈ ಪುಸ್ತಕ ಬಂದ ಕೂಡಲೇ ತನಗೊಂದು ತೆಗೆದಿಡಲು ಹೇಳಿ ಹೋಗಿದ್ದಾಳೆ. ತೆಗೆದಿಡುತ್ತೇನೆ. ಅವಳಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ.